ಪರದೆ ತೆರೆದೈತಿ, ಇಂಜಿನ್ ಪೆಟ್ಟಿಗಿಗೆ ಕೀಲಿ ಬಿದ್ದೈತಿ



ಹೋದ ಸಲ ಹಿಂಗಾರಿ ಜೋಳದ ಬಿತ್ತಿಗೆ ಬಗ್ಗೆ ಬರೆದಾಗ, ನನ್ನ ಟ್ರ್ಯಾಕ್ಟರ್ ಮೂರು ದಿನ ಹೊಲದಾಗ ನಿಂತಿತ್ತು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಜೋಳದ ಬಗ್ಗೆ ಕೇಳಿದವರು ನಾಲ್ಕು ಮಂದಿ, ಆ ಒಂದು ಸಾಲಿನ ಬಗ್ಗೆ ಕೇಳಿದವರು ನಲವತ್ತು ಮಂದಿ! ಇಂಡಿ ಕಡೆಯ ಒಬ್ಬರು, "ಹಂಗಾದ್ರ ಹೊಸ ಟ್ರ್ಯಾಕ್ಟರ್ ತಗೊಳ್ಳೋದ ಬ್ಯಾಡೇನ್ರಿ?" ಅಂದರು. ಸಿಂದಗಿಯಲ್ಲಿ ಗ್ಯಾರೇಜ್ ಇಟ್ಟವರೊಬ್ಬರು, "ನಮ್ಮ ಧಂದೆ ಮುಗೀತು ಅಂತ ತಿಳಕೋಬೇಕೇನ್ರಿ?" ಅಂತ ಬರೆದರು. ಎರಡೂ ಪ್ರಶ್ನೆ ಖರೇವ ಅದಾವ. ಒಂದು ಸಾಲಿನಾಗ ಉತ್ತರ ಹೇಳೋ ಪ್ರಶ್ನೆ ಅಲ್ಲ. ಅದಕ್ಕ ಇವತ್ತು ಸ್ವಲ್ಪ ಉದ್ದ ಬರೀತೀನಿ, ರಾತ್ರಿ ಊಟ ಆದ ಮ್ಯಾಲ ಓದ್ರಿ.

ವಿಷಯ ಏನಪಾ ಅಂದ್ರ, ಕಾರು ಮತ್ತು ಟ್ರ್ಯಾಕ್ಟರಿನ ಒಳಗಿರೋ ಸಾಫ್ಟ್‌ವೇರ್. ನಾನು ಎಸ್ಸೆಸ್ಸೆಲ್ಸಿ ಪಾಸಾದವ, ಕಂಪ್ಯೂಟರ್ ಕಲಿತವನಲ್ಲ. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯೋ ಕೆಲಸದಲ್ಲಿದ್ದಾನೆ. ಅವನು ಬಿಡಿಸಿ ಹೇಳಿದ್ದು, ಆಮೇಲೆ ನಾನೇ ಓದಿ ತಿಳಿದುಕೊಂಡಿದ್ದು, ಎರಡನ್ನೂ ಸೇರಿಸಿ ನಮ್ಮ ಭಾಷೆಯಲ್ಲಿ ಇಡ್ತೀನಿ.

ಮೊದಲು ಕಾರಿನ ಮಾತು.

ಹೋದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲಿಕ್ಕೆ ಅಳಿಯ ತನ್ನ ಕಾರಿನಲ್ಲಿ ಬಂದಿದ್ದ. ಊಟ ಮುಗಿಸಿ ಬೇವಿನ ಗಿಡದ ನೆರಳಿಗೆ ಕೂತಾಗ ಕಾರಿನ ಪರದೆಯಲ್ಲಿ ಸೆಟ್ಟಿಂಗ್ ಒಳಗೆ ಹೋಗಿ, ಕೆಳಗೆ ಕೆಳಗೆ ಸರಿಸಿ, 'ಓಪನ್ ಸೋರ್ಸ್ ಲೈಸೆನ್ಸ್' ಅನ್ನೋ ಒಂದು ಪುಟ ತೆರೆದು ತೋರಿಸಿದ. ಹೆಸರಿನ ಮೇಲೆ ಹೆಸರು, ಅದರ ಕೆಳಗೆ ಇಂಗ್ಲಿಷಿನ ಕರಾರು. ಬೆರಳಿನಿಂದ ಎಷ್ಟು ಸರಿಸಿದರೂ ಮುಗೀಲಿಲ್ಲ.

"ಇದೇನೋ ಇದು, ಸೊಸೈಟಿ ಸಾಲಗಾರರ ಪಟ್ಟಿ ಇದ್ದಂಗ ಐತೆಲ್ಲ?" ಅಂದೆ.

"ಸಾಲದ ಪಟ್ಟೀನ ಅನ್ನು ಮಾಮಾ. ಈ ಕಾರು ಯಾರ್ಯಾರ ಋಣದಾಗ ಐತಿ ಅಂತ ಇಲ್ಲಿ ಬರದಾರ" ಅಂದ.

ಆ ಋಣ ಏನು ಅಂತ ತಿಳಿಯೋಕೆ ಒಂದು ಮಾತು ಮೊದಲು ಗೊತ್ತಿರಬೇಕು. ಸಾಫ್ಟ್‌ವೇರ್ ಅಂದ್ರೆ ಯಂತ್ರಕ್ಕೆ ಬರೆದುಕೊಟ್ಟ ಹುಕುಂ. ಮನುಷ್ಯ ಬರೆಯೋದು ಓದಲಿಕ್ಕೆ ಬರೋ ಅಕ್ಷರದಲ್ಲಿ, ಅದಕ್ಕೆ ಸೋರ್ಸ್ ಕೋಡ್ ಅಂತಾರೆ, ಮೂಲ ಬರಹ ಅನ್ನೋಣ. ಅದನ್ನ ಯಂತ್ರದ ಭಾಷೆಗೆ ತಿರುಗಿಸಿದ ಮೇಲೆ ಬರೀ ಸೊನ್ನೆ ಒಂದು, ಸೊನ್ನೆ ಒಂದು. ಅದು ಕೆಲಸ ಮಾಡುತ್ತೆ, ಆದರೆ ಸುಮ್ಮನೆ ನೋಡಿದರೆ ಒಳಗೆ ಏನು ಬರೆದಿದೆ ತಿಳಿಯೋದಿಲ್ಲ, ತಿದ್ದೋದು ದೂರದ ಮಾತು. ಹೆಚ್ಚಿನ ಕಂಪನಿಗಳು ನಮಗೆ ಕೊಡೋದು ಈ ಎರಡನೆಯದನ್ನು ಮಾತ್ರ.

ನಮ್ಮ ಬೀಜದ ಲೆಕ್ಕದಲ್ಲಿ ಹೇಳಬೇಕಂದ್ರ, ಹೈಬ್ರಿಡ್ ಪಾಕೀಟ್ ತಂದು ಬಿತ್ತಿ ಬೆಳೀತೀವಿ, ಆದರೆ ಅದರ ತಂದೆತಾಯಿ ಸಾಲು ಕಂಪನಿಯ ಕೈಯಾಗ. ಮರುವರ್ಷ ಮತ್ತೆ ಅಂಗಡಿಗೇ ಹೋಗಬೇಕು. ಮಾಲದಂಡಿ ಜೋಳ ಹಂಗಲ್ಲ. ನಾನು ಆರಿಸಿ ಇಟ್ಟ ತೆನೆಯ ಬೀಜ ಬಾಗೇವಾಡಿಯ ಬೀಗರ ಹೊಲಕ್ಕೆ ಹೋಗುತ್ತೆ, ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋಗುತ್ತೆ. ಬೀಜ ಉಳಿಸಿಕೊಳ್ಳೋದು, ಬಿತ್ತೋದು, ಒಬ್ಬರಿಗೊಬ್ಬರು ಕೊಟ್ಟುಕೊಳ್ಳೋದು ರೈತರ ಹಕ್ಕು ಅಂತ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ಹೇಳುತ್ತೆ. ಓಪನ್ ಸೋರ್ಸ್ ಅಂದ್ರೆ ಸಾಫ್ಟ್‌ವೇರಿನ ಮಾಲದಂಡಿ ಅಂತ ತಿಳಕೊಳ್ರಿ. ಮೂಲ ಬರಹ ಎಲ್ಲರ ಎದುರಿಗೆ ಇಟ್ಟಿರ್ತಾರೆ. ಓದಬಹುದು, ತಿದ್ದಬಹುದು, ಹಂಚಬಹುದು.

ಇದು ಶುರುವಾದದ್ದೇ ಒಂದು ರಿಪೇರಿ ಜಗಳದಿಂದ. ಅಮೆರಿಕದ ಎಂಐಟಿ ಅನ್ನೋ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಅಂತ ಒಬ್ಬರು ಕೆಲಸ ಮಾಡ್ತಿದ್ದರು. 1980ರ ಹೊತ್ತಿಗೆ ಅಲ್ಲಿಗೆ ಹೊಸ ಪ್ರಿಂಟರ್ ಬಂತು, ಅದರಲ್ಲಿ ಕಾಗದ ಸಿಕ್ಕಿಬೀಳ್ತಿತ್ತು. ಹಳೇ ಪ್ರಿಂಟರಿನ ಸಾಫ್ಟ್‌ವೇರ್ ತಿದ್ದಿ, ಕಾಗದ ಸಿಕ್ಕಾಗ ಎಲ್ಲರಿಗೂ ಸುದ್ದಿ ಹೋಗೋ ಹಾಗೆ ಅವರು ಮಾಡಿದ್ದರು. ಹೊಸದಕ್ಕೆ ಹಾಗೆ ಮಾಡೋಣ ಅಂದ್ರೆ ಮೂಲ ಬರಹ ಕೊಡಲಿಲ್ಲ. ತನ್ನ ಎದುರಿಗಿರೋ ಯಂತ್ರ, ರಿಪೇರಿ ಮಾಡೋ ಬುದ್ಧಿನೂ ಇದೆ, ಆದರೂ ಕೈ ಹಾಕೋ ಹಂಗಿಲ್ಲ. ಆ ಸಿಟ್ಟು ತಲೆಯಲ್ಲಿ ಉಳಿದು, 1983ರಲ್ಲಿ ಮುಕ್ತ ಸಾಫ್ಟ್‌ವೇರ್ ಬರೆಯೋ ಕೆಲಸ ಶುರುಮಾಡಿದರು. ಆಮೇಲೆ ಜಿಪಿಎಲ್ ಅನ್ನೋ ಕರಾರುಪತ್ರ ಬರೆದರು. ಅದರ ಸಾರ ಇಷ್ಟೇ: ಇದನ್ನ ಬಳಸು, ತಿದ್ದು, ಮಾರು ಬೇಕಾದರೆ. ಆದರೆ ಯಾರಿಗೆ ಕೊಡ್ತೀಯೋ ಅವರಿಗೂ ಮೂಲ ಬರಹ ಸಿಗಬೇಕು, ನಿನಗೆ ಇದ್ದ ಹಕ್ಕು ಅವರಿಗೂ ಇರಬೇಕು.

1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಅನ್ನೋ 21 ವರ್ಷದ ಕಾಲೇಜು ಹುಡುಗ ಲಿನಕ್ಸ್ ಬರೆದು ಜಗತ್ತಿಗೆ ಬಿಟ್ಟ. ಮರುವರ್ಷ ಅದನ್ನ ಇದೇ ಕರಾರಿನ ಕೆಳಗೆ ತಂದ. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಮೊಬೈಲಿನ ತಳದಲ್ಲಿ ಇರೋದು ಆ ಲಿನಕ್ಸೇ. ಇವತ್ತು ಎಷ್ಟೋ ಕಾರುಗಳ ಪರದೆಯ ತಳದಲ್ಲಿ ಇರೋದೂ ಅದೇ.

ಅಷ್ಟು ದೊಡ್ಡ ದೊಡ್ಡ ಕಾರ್ ಕಂಪನಿಗಳು ಇನ್ನೊಬ್ಬರು ಬಿಟ್ಟುಕೊಟ್ಟಿದ್ದನ್ನ ಯಾಕ ತಗೊಂಡವು ಅಂತ ಕೇಳಿದೆ. ಅಳಿಯ ಹೇಳಿದ್ದು ಇದು. ಮೊದಲು ಕಾರಿನಲ್ಲಿ ಒಂದು ರೇಡಿಯೋ ಇದ್ದರೆ ಮುಗೀತು. ಆಮೇಲೆ ನಕ್ಷೆ ಬೇಕು, ಬ್ಲೂಟೂತ್ ಬೇಕು, ಹಿಂದಿನ ಕ್ಯಾಮೆರಾ ಬೇಕು ಅಂತ ಶುರುವಾಯ್ತು. ಪ್ರತಿ ಕಂಪನಿ ತಳಪಾಯದಿಂದ ತಾನೇ ಬರೀಬೇಕಂದ್ರೆ ವರ್ಷಗಟ್ಟಲೆ ಕೆಲಸ, ಕೋಟಿಗಟ್ಟಲೆ ಖರ್ಚು. ತಳಪಾಯ ನೋಡಿ ಯಾರೂ ಕಾರು ತಗೊಳ್ಳೋದಿಲ್ಲ. ಹಂಗಿದ್ದ ಮೇಲೆ ಅದನ್ನ ಎಲ್ಲರೂ ಕೂಡಿ ಮಾಡೋಣ, ಮೇಲಿನ ಅಂದಚಂದ ಅವರವರು ಮಾಡಿಕೊಳ್ಳಲಿ ಅಂತ ಠರಾವು ಆಯ್ತು.

ಇದು ನಮಗ ಹೊಸ ಮಾತಲ್ಲ, ಮುಯ್ಯಾಳು ಪದ್ಧತಿನ ಇದು. ಇವತ್ತು ನನ್ನ ಹೊಲದಾಗ ನೀವು, ನಾಳೆ ನಿಮ್ಮ ಹೊಲದಾಗ ನಾನು. ಬೆಳೆ ಅವರವರದು, ದುಡಿಮೆ ಕೂಡಿ.

2009ರಲ್ಲಿ ಬಿಎಂಡಬ್ಲ್ಯೂ, ಜನರಲ್ ಮೋಟರ್ಸ್ ಮುಂತಾದವರು ಸೇರಿ ಜೆನಿವಿ ಅನ್ನೋ ಕೂಟ ಕಟ್ಟಿದರು. 2012ರಲ್ಲಿ ಲಿನಕ್ಸ್ ಫೌಂಡೇಶನ್ 'ಆಟೋಮೋಟಿವ್ ಗ್ರೇಡ್ ಲಿನಕ್ಸ್' ಅನ್ನೋದನ್ನ ಶುರುಮಾಡಿತು. ಟೊಯೋಟಾ, ಹೋಂಡಾ, ನಮ್ಮ ಮಾರುತಿಯ ಮೂಲ ಕಂಪನಿ ಸುಜುಕಿ, ಎಲ್ಲ ಅದರೊಳಗೆ ಬಂದವು. ಅಮೆರಿಕದಲ್ಲಿ ಮಾರಿದ 2018ರ ಟೊಯೋಟಾ ಕ್ಯಾಮ್ರಿಯ ಪರದೆ ಅದರ ಮೇಲೇ ನಡೀತು. 2025ರ ಜೂನ್‌ನಲ್ಲಿ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯೂ, ಮರ್ಸಿಡಿಸ್, ಬಾಷ್ ಸೇರಿ 11 ಕಂಪನಿಗಳು ಕಾರಿನ ಮೂಲ ಸಾಫ್ಟ್‌ವೇರನ್ನು ಕೂಡಿ, ಮುಕ್ತವಾಗಿ ಬರೆಯೋಣ ಅಂತ ಒಪ್ಪಂದಕ್ಕೆ ಸಹಿ ಹಾಕಿದವು. ಮಾರುಕಟ್ಟೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯೋ ಕಂಪನಿಗಳು ಇವು! ತಮ್ಮ ತಮ್ಮೊಳಗೆ ತೆರೆದಿಡೋದರ ಲಾಭ ಇವರಿಗೆ ಚೆನ್ನಾಗಿ ಗೊತ್ತು. ಈ ಮಾತು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತೆ.

ಮುಯ್ಯಿಗೆ ಬಂದು ಉಂಡು, ತಿರುಗಿ ಆಳು ಕಳಿಸದವರು ಎಲ್ಲ ಊರಲ್ಲೂ ಇರ್ತಾರೆ, ಇಲ್ಲೂ ಇದ್ದಾರೆ. ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಅನ್ನೋರು 1998ರಿಂದ 'ಕರ್ಲ್' ಅನ್ನೋ ಸಾಫ್ಟ್‌ವೇರ್ ನೋಡಿಕೊಂಡು ಬಂದಿದ್ದಾರೆ. ಇಂಟರ್ನೆಟ್ಟಿನಿಂದ ಮಾಹಿತಿ ತರೋದು, ಕಳಿಸೋದು ಅದರ ಕೆಲಸ. ಹತ್ತಾರು ಬ್ರ್ಯಾಂಡಿನ ಕಾರುಗಳೊಳಗೆ ಅದಿದೆ. ಕರಾರಿನ ಪ್ರಕಾರ ಅವರ ಹೆಸರು, ಮೇಲ್ ವಿಳಾಸ ಆ ಉದ್ದ ಪಟ್ಟಿಯಲ್ಲಿ ಬರುತ್ತೆ. ಕಾರಿನ ಪರದೆ ಕೆಟ್ಟವರು ಪಟ್ಟಿ ಹುಡುಕಿ ಅವರಿಗೇ ಮೇಲ್ ಬರೀತಾರಂತೆ, ನಮ್ಮ ಕಾರ್ ರಿಪೇರಿ ಮಾಡಿಕೊಡ್ರಿ ಅಂತ! ಆ ಕಾರ್ ಕಂಪನಿಗಳು ಮಾತ್ರ ಅವರ ಕೆಲಸಕ್ಕೆ ಹಣ ಕೊಡೋದಿಲ್ಲ ಅಂತ ಅವರು ಸಭೆಗಳಲ್ಲಿ ಹೇಳಿದ್ದಾರೆ.

ಆದರೂ ಕರಾರಿಗೆ ಬೆಲೆ ಇದೆ. ಜಿಪಿಎಲ್ ಸಾಫ್ಟ್‌ವೇರ್ ಇರೋ ಕಾರು ಕೊಂಡವರು ಆ ಭಾಗದ ಮೂಲ ಬರಹ ಕೇಳಬಹುದು. 2016ರಲ್ಲಿ ಬ್ರಿಟನ್ನಿನಲ್ಲಿ ಒಬ್ಬರು ಬಿಎಂಡಬ್ಲ್ಯೂ ಕಂಪನಿಗೆ ಹೀಗೆ ಕೇಳಿದಾಗ ಕಂಪನಿಯವರು ಡಿವಿಡಿಯಲ್ಲಿ ಹಾಕಿ ಕಳಿಸಿದರು.

ಇಲ್ಲಿಗೆ ಪರದೆಯ ಕಥೆ ಆಯ್ತು. ಇನ್ನು ಬಾನೆಟ್ ಕೆಳಗಿನ ಕಥೆ.

ನಮ್ಮ ವಯಸ್ಸಿನವರಿಗೆಲ್ಲ ಮೈಕೋ ಪಂಪ್ ಗೊತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ, ಆಡುಗೋಡಿಯ ಕಾರ್ಖಾನೆ. ಟ್ರ್ಯಾಕ್ಟರ್, ಲಾರಿಗಳ ಡೀಸೆಲ್ ಪಂಪ್ ಅಂದ್ರೆ ಮೈಕೋನೇ. ಇಂಜಿನ್ ಹೊಗೆ ಕಾರಿದರೆ ಮಿಸ್ತ್ರಿ ನಾಜಲ್ ಬಿಚ್ಚಿ ನೋಡ್ತಿದ್ದ. ಪಂಪಿನದೇ ತೊಂದರೆ ಅಂದ್ರೆ ವಿಜಯಪುರದ ಪಂಪ್ ಅಂಗಡಿಗೆ ಒಯ್ದು, ಕಣ್ಣೆದುರಿಗೆ ಬಿಚ್ಚಿಸಿ, ಕ್ಯಾಲಿಬ್ರೇಶನ್ ಮಾಡಿಸಿ, ಸಂಜೆ ಬಸ್ಸಿಗೆ ಅದನ್ನ ಗೋಣಿಚೀಲದಾಗ ಹಾಕ್ಕೊಂಡು ಊರಿಗೆ ಬರ್ತಿದ್ದೆವು. ಪಂಪಿನೊಳಗೆ ಏನಿದೆ ಅಂತ ಕಂಪನಿ ಮುಚ್ಚಿಡಲಿಲ್ಲ. ಮುಚ್ಚಿಡಲಿಕ್ಕೆ ಬರ್ತಾನೂ ಇರಲಿಲ್ಲ, ಪಾನಾ ಇದ್ದವರಿಗೆಲ್ಲ ಬಾಗಿಲು ತೆರೆದೇ ಇತ್ತು.

2008ರಲ್ಲಿ ಮೈಕೋ ಹೆಸರು ಬಾಷ್ ಲಿಮಿಟೆಡ್ ಅಂತಾಯ್ತು. ಈಗ ಜರ್ಮನಿ ಬಿಟ್ಟರೆ ಬಾಷ್ ಕಂಪನಿಯ ದೊಡ್ಡ ಸಾಫ್ಟ್‌ವೇರ್ ಕೇಂದ್ರ ಇರೋದು ನಮ್ಮ ದೇಶದಲ್ಲೇ, ಅದರ ಮುಖ್ಯ ಕಚೇರಿ ಬೆಂಗಳೂರು. ಮರ್ಸಿಡಿಸ್ ಕಂಪನಿ 1996ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ನಡೆಸ್ತಿದೆ. ನಮ್ಮ ಅಳಿಯನಂಥ ಸಾವಿರಾರು ಹುಡುಗರು, ಹುಡುಗಿಯರು ಜಗತ್ತಿನ ಕಾರುಗಳಿಗೆ ಹುಕುಂ ಬರೀತಾ ಕೂತಿದ್ದಾರೆ. ಪಂಪ್ ಮಾಡ್ತಿದ್ದ ಊರೇ ಈಗ ಪಂಪಿನ ಮಿದುಳು ಬರೀತಿದೆ.

ಆ ಮಿದುಳಿಗೆ ಇಸಿಯು ಅಂತಾರೆ. ಸಿಆರ್‌ಡಿಐ ಇಂಜಿನ್ನಿನಲ್ಲಿ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಎಷ್ಟು ಒತ್ತಡದಲ್ಲಿ ಅನ್ನೋದನ್ನ ಇಸಿಯು ಪೆಟ್ಟಿಗೆ ಠರಾಯಿಸುತ್ತೆ. ಸೆನ್ಸರುಗಳು ಸುದ್ದಿ ಕೊಡ್ತಾವೆ, ಇದು ಹುಕುಂ ಮಾಡುತ್ತೆ. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್ 4 ಅನ್ನೋ ಹೊಗೆ ನಿಯಮ ಬಂತು. ಅಲ್ಲಿಂದ ದೊಡ್ಡ ಟ್ರ್ಯಾಕ್ಟರುಗಳಿಗೆ ಈ ಪೆಟ್ಟಿಗೆ ಬಂತು. 50ರ ಒಳಗಿನವು ಬಹುತೇಕ ಇನ್ನೂ ಹಳೇ ಪಂಪಿನ ಮೇಲೇ ನಡೀತಿವೆ. ಮುಂದಿನ ನಿಯಮದ ಮಾತೂ ನಡೆದಿದೆ, ಇವತ್ತಲ್ಲ ನಾಳೆ ಸಣ್ಣವಕ್ಕೂ ಬರೋದೇ.

ಇಸಿಯು ಒಳಗೆ ಪರದೆಯಲ್ಲಿದ್ದಂಥ ಪಟ್ಟಿ ಇರೋದಿಲ್ಲ. "ಅದು ಬ್ಯಾರೇನ ಮಾಮಾ. ಅಲ್ಲಿ ಲಿನಕ್ಸ್ ಇರೂದಿಲ್ಲ. ಕಂಪನೀದ ಖಾಸಗಿ ಬರಹ, ಕೀಲಿ ಹಾಕಿರ್ತಾರ" ಅಂದ ಅಳಿಯ.

ಈಗ ನನ್ನ ಮೂರು ದಿನದ ಲೆಕ್ಕ ಹೇಳ್ತೀನಿ. ನಂದು 55 ಎಚ್‌ಪಿ, ವಾರಂಟಿ ಮುಗಿದಿತ್ತು. ಕಂಪನಿ ಹೆಸರು ಬ್ಯಾಡ, ಇದು ಒಂದೇ ಕಂಪನಿಯ ಕಥೆ ಅಲ್ಲ. ಮಳೆ ಆಗಿ ಎರಿ ಹೊಲ ಹದಕ್ಕೆ ಬಂದಿತ್ತು. ಒಂಬತ್ತು ಎಕರೆಯಲ್ಲಿ ಮೂರು ಎಕರೆ ಬಿತ್ತಿ ಮುಗಿಸಿದ್ದೆ. ಮೀಟರಿನಾಗ ಹಳದಿ ದೀಪ ಹತ್ತಿತು, ಇಂಜಿನ್ ದಮ್ಮು ಕಳಕೊಂಡಿತು. ಎಕ್ಸಲೇಟರ್ ಎಷ್ಟು ಕೊಟ್ಟರೂ ಅರ್ಧಕ್ಕಿಂತ ಮೇಲೆ ಏರಲಿಲ್ಲ, ಕೂರಿಗೆ ಎಳೀಲಿಲ್ಲ. ಏನೋ ತಪ್ಪು ಕಂಡರೆ ಇಂಜಿನ್ ಉಳಿಸಲಿಕ್ಕೆ ಪೆಟ್ಟಿಗೆಯೇ ಹೀಗೆ ಶಕ್ತಿ ಇಳಿಸುತ್ತಂತೆ.

ನಮ್ಮ ಮಿಸ್ತ್ರಿ ಬಂದ. ಮೂವತ್ತು ವರ್ಷದ ಕೈ ಅವನದು. ಫಿಲ್ಟರ್ ನೋಡಿದ, ಡೀಸೆಲ್ ಲೈನ್ ನೋಡಿದ, ಗಾಳಿ ತೆಗೆದ. ಕಡೀಕ ಕೈ ಒರಸಿಕೊಳ್ತಾ ಅಂದ, "ಅಣ್ಣಾರ, ಮೊದಲ ಇಂಜಿನ್ ನನ್ನ ಕೂಡ ಮಾತಾಡ್ತಿತ್ತು. ಈಗ ಲ್ಯಾಪ್‌ಟಾಪ್ ಕೂಡ ಅಷ್ಟ ಮಾತಾಡ್ತೈತಿ."

ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಬಿತ್ತಿಗೆ ಹಂಗಾಮು, ಲ್ಯಾಪ್‌ಟಾಪ್ ಇರೋ ಹುಡುಗ ಒಬ್ಬನೇ, ಅವನು ಇನ್ನೊಂದು ತಾಲ್ಲೂಕಿನಲ್ಲಿ. ಎರಡನೇ ದಿನ ಬಿಸಿಲು ಬಿತ್ತು. ಮೂರನೇ ದಿನ ಮಣ್ಣು ಹಿಡಿದು ನೋಡಿದರೆ ಮೇಲಿನ ಹಸಿ ಆರಿ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಪಕ್ಕದ ಹೊಲದವರ 35 ಎಚ್‌ಪಿ ಹಳೇ ಟ್ರ್ಯಾಕ್ಟರ್ ಬಾಡಿಗೆಗೆ ತಂದು ಮೂರು ಎಕರೆ ಬಿತ್ತಿದೆ. ಉಳಿದ ಮೂರು ಎಕರೆ ಹುಡುಗ ಬಂದು ಹೋದ ಮೇಲೆ ಬಿತ್ತಿದ್ದು. ಅವನು ತಂತಿ ಜೋಡಿಸಿದ, ಲ್ಯಾಪ್‌ಟಾಪಿನಲ್ಲಿ ಒಂದು ನಂಬರ್ ಬಂತು. ಡೀಸೆಲ್ ಒತ್ತಡ ಅಳೆಯೋ ಸೆನ್ಸರಿನ ಕನೆಕ್ಟರ್ ಬಿಚ್ಚಿದ, ಒಳಗೆ ತೇವ ಕೂತಿತ್ತು. ಸ್ವಚ್ಛ ಮಾಡಿ, ಹಾಕಿ, ಆ ನಂಬರ್ ಅಳಿಸಿದ. ಇಪ್ಪತ್ತು ನಿಮಿಷ. ಬಂದು ಹೋಗೋ ಖರ್ಚು ಸೇರಿ 2,400 ರೂಪಾಯಿ.

2,400 ರೂಪಾಯಿ ದೊಡ್ಡದಲ್ಲ. ಆ ಹುಡುಗನ ಮೇಲೂ ಸಿಟ್ಟಿಲ್ಲ, ಊಟಾನೂ ಮಾಡದೆ ಓಡಾಡ್ತಿದ್ದ ಪಾಪ. ದೊಡ್ಡದು ಏನಂದ್ರೆ, ತಡವಾಗಿ ಬಿತ್ತಿದ ಮೂರು ಎಕರೆಯಲ್ಲಿ ಮೊಳಕೆ ಅಲ್ಲಲ್ಲಿ ಎದ್ದಿದೆ, ಸಾಲು ಹಲ್ಲು ಬಿದ್ದ ಬಾಯಿ ಇದ್ದಂಗ ಕಾಣ್ತೈತಿ. ಕನೆಕ್ಟರ್ ಒರೆಸೋ ಕೆಲಸ ನಮ್ಮ ಮಿಸ್ತ್ರಿಗೆ ಬರ್ತಿರಲಿಲ್ಲವಾ? ಬರ್ತಿತ್ತು. ಯಾವ ಕನೆಕ್ಟರ್ ಅಂತ ಹೇಳೋ ಒಂದು ನಂಬರ್ ಮಾತ್ರ ಅವನಿಗೆ ಸಿಗಲಿಲ್ಲ. ಯಂತ್ರ ನಂದು, ಹೊಲ ನಂದು, ರೋಗದ ಹೆಸರು ಮಾತ್ರ ಕಂಪನೀದು!

ಇದನ್ನ ಅಳಿಯನ ಮುಂದೆ ಹೇಳಿದಾಗ ಅವನು ಕಂಪನಿಯ ಕಡೆಯ ಮಾತೂ ಹೇಳಿದ, ಅದನ್ನೂ ಬರೀಬೇಕು. ಇಸಿಯು ಬರಹ ತೆರೆದಿಟ್ಟರೆ ಯಾರೋ ಡೀಸೆಲ್ ಲೆಕ್ಕ ಹೆಚ್ಚು ಮಾಡಿ ಎಚ್‌ಪಿ ಏರಿಸ್ತಾರೆ, ಇಂಜಿನ್ ಸುಡುತ್ತೆ, ಹೊಗೆ ನಿಯಮ ಮಣ್ಣುಪಾಲಾಗುತ್ತೆ. ಬ್ರೇಕು, ಸ್ಟೇರಿಂಗಿನ ಬರಹ ತಿದ್ದಿದರೆ ಜೀವಕ್ಕೇ ಅಪಾಯ. ಈ ಮಾತು ಸುಳ್ಳಲ್ಲ.

ಆದರೆ ಕೀಲಿ ಹಾಕಿದರೆ ಮೋಸ ನಿಲ್ಲುತ್ತೆ ಅನ್ನೋದನ್ನ ನಾ ಒಪ್ಪೋದಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಯಾವುದಕ್ಕೆ? ಹೊಗೆ ಪರೀಕ್ಷೆ ನಡೆದಾಗ ಗುರುತು ಹಿಡಿದು, ಆಗ ಮಾತ್ರ ಸಭ್ಯ ಆಗೋ ಸಾಫ್ಟ್‌ವೇರನ್ನ ಕಂಪನಿಯೇ ಇಟ್ಟಿತ್ತು. ಜಗತ್ತಿನಾದ್ಯಂತ ಒಂದು ಕೋಟಿ ಹತ್ತು ಲಕ್ಷದಷ್ಟು ಕಾರು. ನಮ್ಮ ದೇಶದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಿ ತಿದ್ದಬೇಕಾಯ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಇದ್ದದ್ದಕ್ಕೇ ಅಷ್ಟು ವರ್ಷ ಯಾರಿಗೂ ಕಾಣಲಿಲ್ಲ.

ಮತ್ತೆ, ನಾವು ಕೇಳೋದೂ ಬೇರೆ. ಬ್ರೇಕಿನ ಮೂಲ ಬರಹ ತಗೊಂಡು ನಾನೇನು ಮಾಡಲಿ? ಓದೋದು ಬೇರೆ, ತಿದ್ದೋದು ಬೇರೆ. ನಮ್ಮ ಹೊಲದ ಪಹಣಿ ಯಾರು ಬೇಕಾದರೂ ತೆಗೆದು ಓದಬಹುದು, ಹಂಗಂತ ಯಾರು ಬೇಕಾದರೂ ಹೆಸರು ತಿದ್ದಲಿಕ್ಕೆ ಬರುತ್ತಾ? ಹಾಗೇ, ಯಂತ್ರ ಏನು ರೋಗ ಅಂತ ಹೇಳ್ತಿದೆಯೋ ಅದನ್ನ ಓದೋ ಹಕ್ಕು, ಓದೋ ಸಲಕರಣೆ, ಆ ನಂಬರಿನ ಅರ್ಥ, ರಿಪೇರಿ ಆದ ಮೇಲೆ ಆ ನಂಬರ್ ಅಳಿಸೋ ಅನುಕೂಲ. ಇಷ್ಟು ನಮ್ಮ ಮಿಸ್ತ್ರಿಗೂ ಸಿಗಬೇಕು. ತಳಪಾಯದ ಬರಹವನ್ನೇ ಎದುರಾಳಿ ಕಂಪನಿ ಜೊತೆ ಹಂಚಿಕೊಳ್ಳೋರು, ದುಡ್ಡು ಕೊಟ್ಟು ಕೊಂಡ ರೈತನಿಗೆ ಒಂದು ನಂಬರ್ ಹೇಳಲಿಕ್ಕೆ ಯಾಕ ಹಿಂಜರೀಬೇಕು?

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದ ರೈತರು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದಕ್ಕೇ ಬಡಿದಾಡ್ತಿದ್ದಾರೆ. ತಮ್ಮದೇ ಟ್ರ್ಯಾಕ್ಟರಿನ ಕೀಲಿ ಬಿಚ್ಚಲಿಕ್ಕೆ ಕೆಲವರು ಉಕ್ರೇನ್ ಕಡೆಯ ಕಳ್ಳ ಸಾಫ್ಟ್‌ವೇರ್ ತರಿಸಿಕೊಂಡ ಸುದ್ದಿ 2017ರಲ್ಲೇ ಬಂದಿತ್ತು. 2023ರ ಜನವರಿಯಲ್ಲಿ ಜಾನ್ ಡೀರ್ ಕಂಪನಿ ಅಲ್ಲಿನ ದೊಡ್ಡ ರೈತ ಸಂಘಟನೆ ಜೊತೆ ರಿಪೇರಿ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷ ಕೊಲರಾಡೋ ರಾಜ್ಯ ಕೃಷಿ ಯಂತ್ರ ರಿಪೇರಿ ಹಕ್ಕಿನ ಕಾಯ್ದೆ ಮಾಡಿತು, 2024ರ ಜನವರಿ 1ರಿಂದ ಅದು ಜಾರಿಗೆ ಬಂತು. 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ, ರಿಪೇರಿಯನ್ನ ತನ್ನ ಡೀಲರುಗಳ ಕೈಯಲ್ಲೇ ಹಿಡಿದಿಟ್ಟಿದೆ ಅಂತ ಆರೋಪಿಸಿ ಡೀರ್ ಕಂಪನಿ ಮೇಲೆ ಕೇಸ್ ಹಾಕಿತು. ಕಂಪನಿ ಆ ಆರೋಪ ಒಪ್ಪಿಲ್ಲ. ಇನ್ನೊಂದು ಮಾತು: ಡೀರ್ ತನ್ನ ಯಂತ್ರಗಳಲ್ಲಿ ಜಿಪಿಎಲ್ ಸಾಫ್ಟ್‌ವೇರ್ ಬಳಸಿಯೂ ಅದರ ಕರಾರು ಪಾಲಿಸ್ತಿಲ್ಲ ಅಂತ 2023ರ ಮಾರ್ಚ್‌ನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ ಬಹಿರಂಗವಾಗಿ ಹೇಳಿತು. ಪ್ರಿಂಟರಿನ ಜಗಳದಿಂದ ಹುಟ್ಟಿದ ಕರಾರು ನಲವತ್ತು ವರ್ಷಕ್ಕೆ ಟ್ರ್ಯಾಕ್ಟರ್ ತನಕ ಬಂತು ನೋಡ್ರಿ.

ನಮ್ಮ ದೇಶದಲ್ಲೂ ಏನೂ ಆಗಿಲ್ಲ ಅಂತಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ರೋಗ ಪತ್ತೆ ಮಾಡೋ ಸಲಕರಣೆಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ತಪ್ಪು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಆದರೆ ಮಿಸ್ತ್ರಿಗೆ ಸಲಕರಣೆ ಸಿಗಬೇಕು ಅನ್ನೋ ಮಾತನ್ನ ಆಯೋಗವೇ ಬರೆದು ಇಟ್ಟಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ನಾಲ್ಕು ಕ್ಷೇತ್ರ ಆರಿಸಿತು. ಅದರಲ್ಲಿ ಒಂದು ಕೃಷಿ ಯಂತ್ರ, ಇನ್ನೊಂದು ವಾಹನ. ಅದೇ ವರ್ಷ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಇದು ಇನ್ನೂ ಕಾಯ್ದೆ ಅಲ್ಲ, ಆದರೆ ಬಾಗಿಲು ಬಡಿಯಲಿಕ್ಕೆ ಒಂದು ಬಾಗಿಲಂತೂ ಇದೆ.

ಈಗ ಇಂಡಿಯವರ ಪ್ರಶ್ನೆಗೆ ಬರ್ತೀನಿ. ಹೊಸ ಟ್ರ್ಯಾಕ್ಟರ್ ತಗೊಳ್ಳೋದು ಬ್ಯಾಡ ಅನ್ನೋದಿಲ್ಲ. ನನ್ನದು ಡೀಸೆಲ್ ಕಡಿಮೆ ಕುಡೀತೈತಿ, ಹೊಗಿ ಇಲ್ಲ, ಪಲ್ಟಿ ನೇಗಿಲು ಎಳೆಯೋದ್ರಾಗ ಹಳೇದಕ್ಕಿಂತ ಗಟ್ಟಿ. ಆದರೆ 50 ಎಚ್‌ಪಿ ಒಳಗೆ ನಿಮ್ಮ ಕೆಲಸ ಆಗ್ತದಂದ್ರೆ ಸುಮ್ಮನೆ ಮೇಲಕ್ಕೆ ಹೋಗಬೇಡ್ರಿ. ಹೋಗೋದಾದ್ರೆ ಅಡ್ವಾನ್ಸ್ ಕೊಡೋ ಮೊದಲು ಡೀಲರಿಗೆ ಇಷ್ಟು ಕೇಳ್ರಿ:

1. ದೀಪ ಹತ್ತಿದರೆ ತಪ್ಪಿನ ನಂಬರ್ ಮೀಟರಿನಲ್ಲೇ ತೋರಿಸುತ್ತಾ? ಅದರ ಅರ್ಥದ ಪುಸ್ತಕ ಕೊಡ್ತೀರಾ?

2. ರೋಗ ಪತ್ತೆ ಸಲಕರಣೆ ಹೊರಗಿನ ಮಿಸ್ತ್ರಿಗೆ ಮಾರ್ತೀರಾ? ಎಷ್ಟು?

3. ಲ್ಯಾಪ್‌ಟಾಪ್ ಇರೋ ಹುಡುಗರು ನಮ್ಮ ತಾಲ್ಲೂಕಿಗೆ ಎಷ್ಟು ಮಂದಿ? ಬಿತ್ತಿಗೆ ಹಂಗಾಮಿನಲ್ಲಿ ಎಷ್ಟು ತಾಸಿನೊಳಗೆ ಬರ್ತಾರೆ?

4. ಸೆನ್ಸರ್ ಬೇರೆ ಹಾಕಿದರೆ ಮತ್ತೆ ನಿಮ್ಮ ಲ್ಯಾಪ್‌ಟಾಪಿನಿಂದ ಅದಕ್ಕೆ ಒಪ್ಪಿಗೆ ಬೇಕಾ?

ಬಾಯಿಮಾತು ಬ್ಯಾಡ, ಕೊಟೇಶನ್ ಹಿಂದ ಬರೆಸಿಕೊಳ್ರಿ. ಒಬ್ಬರು ಕೇಳಿದರೆ ನಗ್ತಾರ, ಹತ್ತು ಮಂದಿ ಕೇಳಿದರೆ ಮೇಲಿನವರಿಗೆ ಫೋನ್ ಮಾಡ್ತಾರ.

ಇದ್ದ ಟ್ರ್ಯಾಕ್ಟರಿನ ಬಗ್ಗೆಯೂ ಎರಡು ಮಾತು. ಇಂಜಿನ್ ಮೇಲೆ ಜೋರು ನೀರು ಹೊಡೆದು ತೊಳೀಬೇಡ್ರಿ, ಕನೆಕ್ಟರಿನಲ್ಲಿ ನೀರು ಕೂರುತ್ತೆ. ವೆಲ್ಡಿಂಗ್ ಮಾಡಿಸೋ ಮೊದಲು ಬ್ಯಾಟರಿ ತಂತಿ ಬಿಚ್ಚಿಸ್ರಿ. ಇಲಿ ತಂತಿ ಕಡಿದಿದೆಯಾ ನೋಡ್ರಿ, ಡೀಸೆಲ್ ಫಿಲ್ಟರಿನ ನೀರು ತೆಗೀತಾ ಇರ್ರಿ. ಕಾರಿಗೆ ಅಂತ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಸಣ್ಣ ಸ್ಕ್ಯಾನರ್ ಇದೆ, ಅದು ಕಾರಿನ ಸಾಮಾನ್ಯ ತಪ್ಪುಗಳನ್ನ ಮೊಬೈಲಿನಲ್ಲಿ ತೋರಿಸುತ್ತೆ. ಬಹಳಷ್ಟು ಟ್ರ್ಯಾಕ್ಟರುಗಳು ಲಾರಿಗಳ ಹಾಗೆ ಜೆ1939 ಅನ್ನೋ ಬೇರೆ ಭಾಷೆ ಮಾತಾಡ್ತಾವೆ, ಅದಕ್ಕೆ ಈ ಅಗ್ಗದ್ದು ನಡೆಯೋದಿಲ್ಲ. ಇನ್ನು, ಚಿಪ್ ಹಾಕಿ ಎಚ್‌ಪಿ ಏರಿಸಿ ಕೊಡ್ತೀನಿ ಅಂತ ಬರೋರ ಕೈಗೆ ಗಾಡಿ ಕೊಡಬೇಡ್ರಿ.

ಸಿಂದಗಿಯ ಗ್ಯಾರೇಜಿನ ಅಣ್ಣಾರಿಗೆ ನನ್ನ ಉತ್ತರ: ಧಂದೆ ಮುಗಿದಿಲ್ಲ, ಪಾನಾದ ಜೊತೆ ಇನ್ನೊಂದು ಸಲಕರಣೆ ಸೇರಬೇಕಾಗೇತಿ. ಎಲ್ಲ ಕಂಪನಿಯ ಟ್ರ್ಯಾಕ್ಟರ್ ಓದೋ ಒಳ್ಳೇ ಸ್ಕ್ಯಾನರ್ ಒಬ್ಬರಿಗೆ ಭಾರ. ನಾಲ್ಕು ತಾಲ್ಲೂಕಿನ ನಾಲ್ಕು ಮಿಸ್ತ್ರಿಗಳು ಕೂಡಿ ತಗೊಂಡರೆ ಭಾರ ಅಲ್ಲ. ಇಲ್ಲಾ ನಮ್ಮ ರೈತ ಉತ್ಪಾದಕ ಕಂಪನಿಗಳು ತಗೊಂಡು ಬಾಡಿಗೆಗೆ ಕೊಡಬಹುದು, ಸ್ಪ್ರೇಯರ್ ಕೊಡೋದಿಲ್ಲೇನು? ಇಂಡಿ ಮತ್ತು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ, ಐಟಿಐನವರಿಗೆ ನಾವು ಒಂದು ಅರ್ಜಿ ಕೊಡೋಣ, ಹಳ್ಳಿ ಮಿಸ್ತ್ರಿಗಳಿಗೆ ಸೆನ್ಸರ್, ಇಸಿಯು ಬಗ್ಗೆ ವಾರದ ತರಬೇತಿ ಇಡ್ರಿ ಅಂತ. ಅಳಿಯ ರಜೆ ಹಾಕಿ ಬಂದು ಎರಡು ದಿನ ಕಲಿಸ್ತೀನಿ ಅಂದಿದ್ದಾನೆ.

ಅರ್ಜಿ ನಾನೇ ಬರೀತೀನಿ. ನಿಮ್ಮ ಟ್ರ್ಯಾಕ್ಟರ್ ಇದೇ ಕಾರಣಕ್ಕೆ ನಿಂತಿದ್ದರೆ ಕೆಳಗೆ ಮೂರೇ ಮಾತು ಬರೀರಿ: ಯಾವ ತಾಲ್ಲೂಕು, ಎಷ್ಟು ಎಚ್‌ಪಿ, ಎಷ್ಟು ದಿನ ನಿಂತಿತ್ತು. ಕಂಪನಿ ಹೆಸರು ಬ್ಯಾಡ, ಬೈಗುಳ ಬ್ಯಾಡ. ದಿನದ ಲೆಕ್ಕ ಸಾಕು. ಇಪ್ಪತ್ತೈದು ಮಂದಿಯ ಲೆಕ್ಕ ಸೇರಿದ ದಿನ ಅರ್ಜಿಯ ಜೊತೆ ಅದನ್ನೂ ಹಚ್ಚಿ ಒಯ್ದು ಕೊಡೋಣ. ಪೋರ್ಟಲಿಗೂ ಹಾಕೋಣ.

ತೊಗರಿ ಹೂವು ಬಿಡೋ ಹೊತ್ತು, ಕಾಯಿಕೊರಕದ ಮೇಲೆ ಕಣ್ಣಿಡ್ರಿ.